ಕಾಯುವ ಊರು ಮಂಡಪಂ

ರಾಮೇಶ್ವರ ಯಾತ್ರೆಗೆ ಹೊರಟ ಕರ್ನಾಟಕದ ಬಸ್ಸುಗಳು ಮದುರೆ ಮೀನಾಕ್ಷಿಯ ದರ್ಶನ ಮುಗಿಸಿ ಪೂರ್ವಕ್ಕೆ ತಿರುಗಿದವೆಂದರೆ, ಮತ್ತೆ ಮನಸ್ಸಿಟ್ಟು ನಿಲ್ಲುವುದು ಪಾಂಬನ್ ಸೇತುವೆಯ ಮೇಲೆಯೇ. ಕೆಳಗೆ ಕಡಲು, ಪಕ್ಕದಲ್ಲಿ ರೈಲು ಹಳಿ. 1914ರ ಹಳೆಯ ರೈಲು ಸೇತುವೆಯ ಬದಲಿಗೆ ಕಟ್ಟಿದ ಹೊಸ ಸೇತುವೆ 2025ರ ಏಪ್ರಿಲ್‌ನಲ್ಲಿ ಆರಂಭವಾದ ಮೇಲಂತೂ ಅಲ್ಲಿ ಫೋಟೊ ತೆಗೆಸಿಕೊಳ್ಳುವವರ ಗುಂಪು ಇನ್ನೂ ದೊಡ್ಡದಾಗಿದೆ. ಆದರೆ ಸೇತುವೆಗೆ ಸ್ವಲ್ಪ ಮೊದಲೇ ಸಿಗುವ ಮಂಡಪಂ ಎಂಬ ಊರಿನಲ್ಲಿ ಇಳಿಯುವವರು ಕಡಿಮೆ. ಕಿಟಕಿಯಲ್ಲಿ ತೆಂಗಿನ ಮರ, ಬಲೆ, ದೋಣಿ ಕಂಡು ಮಾಯವಾಗುತ್ತವೆ, ಅಷ್ಟೆ.

ರೈಲಿನಲ್ಲಿ ಹೋಗುವವರಿಗೆ ಇಲ್ಲಿ ಎರಡು ನಿಲ್ದಾಣಗಳು. ಒಂದರ ಫಲಕದ ಮೇಲೆ ‘ಮಂಡಪಂ’ ಎಂದಿದ್ದರೆ ಇನ್ನೊಂದರ ಮೇಲೆ ‘ಮಂಡಪಂ ಕ್ಯಾಂಪ್’ ಎಂದಿದೆ. ಇದು ಯಾವ ಕ್ಯಾಂಪು?

ಬ್ರಿಟಿಷರ ಕಾಲದಲ್ಲಿ ಸಿಲೋನಿನ ಚಹಾ ತೋಟಗಳಿಗೆ ತಮಿಳುನಾಡಿನ ಹಳ್ಳಿಗಳಿಂದ ಕೂಲಿಯಾಳುಗಳನ್ನು ಕರೆದೊಯ್ಯುತ್ತಿದ್ದರು. ಹಡಗು ಹತ್ತುವ ಮೊದಲು ಅವರನ್ನೆಲ್ಲ ಇಲ್ಲಿಯ ಕ್ಯಾಂಪಿನಲ್ಲಿ ಕೆಲವು ದಿನ ತಡೆದಿರಿಸುತ್ತಿದ್ದರು. ಕಾಲರಾ, ಸಿಡುಬು ಏನಾದರೂ ಮೈಯಲ್ಲಿ ಅಡಗಿದ್ದರೆ ಆ ದಿನಗಳಲ್ಲಿ ಹೊರಬೀಳಲಿ ಎಂಬುದು ಲೆಕ್ಕ. ಕಾಯಿಲೆ ಇಲ್ಲವೆಂದು ಖಾತ್ರಿಯಾದವರಿಗಷ್ಟೇ ಮುಂದಿನ ದಾರಿ. ಆ ದಿನಗಳು ಅವರಿಗೆ ಹೇಗೆ ಕಳೆದವೋ! ಅದೇ ಜನರ ಮಕ್ಕಳು ಮೊಮ್ಮಕ್ಕಳಲ್ಲಿ ಹಲವರು 1964ರ ಸಿರಿಮಾವೊ-ಶಾಸ್ತ್ರಿ ಒಪ್ಪಂದದ ನಂತರ ಇದೇ ದಾರಿಯಲ್ಲಿ ಹಿಂದಿರುಗಿದರು. 1983ರ ನಂತರ ಲಂಕೆಯ ಜನಾಂಗೀಯ ಕಲಹದಿಂದ ಓಡಿ ಬಂದ ನಿರಾಶ್ರಿತರೂ ಮಂಡಪಂನಲ್ಲೇ ಬಂದು ತಂಗಿದರು. ಕಾಯುವುದು ಈ ಊರಿಗೆ ಹೊಸದಲ್ಲ.

ಭಾರತದ ಕಡಲ ಮೀನು ಸಂಶೋಧನೆ ಬೇರು ಬಿಟ್ಟದ್ದೂ ಇಲ್ಲಿಯೇ. 1947ರಲ್ಲಿ ಸ್ಥಾಪನೆಯಾದ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ 1949ರಲ್ಲಿ ಮಂಡಪಂಗೆ ಬಂದಿತು. 1971ರಲ್ಲಿ ಅದರ ಮುಖ್ಯ ಕಚೇರಿ ಕೊಚ್ಚಿಗೆ ಹೋಯಿತಾದರೂ ಪ್ರಾದೇಶಿಕ ಕೇಂದ್ರ ಇಲ್ಲೇ ಉಳಿಯಿತು. ನಮ್ಮ ಮಂಗಳೂರು, ಕಾರವಾರಗಳಲ್ಲಿ ಇರುವುದೂ ಇದೇ ಸಂಸ್ಥೆಯ ಕೇಂದ್ರಗಳು.

ಈ ಜಾಗವನ್ನೇ ಆರಿಸಿದ್ದೇಕೆಂದು ತಿಳಿಯಲು ನಕಾಶೆ ನೋಡಬೇಕು. ಮಂಡಪಂ ನಾಲಿಗೆಯಂತೆ ಕಡಲಿಗೆ ಚಾಚಿದ ನೆಲ. ಉತ್ತರಕ್ಕೆ ಪಾಕ್ ಕೊಲ್ಲಿ, ದಕ್ಷಿಣಕ್ಕೆ ಮನ್ನಾರ್ ಕೊಲ್ಲಿ. ಈ ಸೀಮೆಯ ಜನ ಒಂದನ್ನು ಹೆಣ್ಣು ಕಡಲು, ಇನ್ನೊಂದನ್ನು ಗಂಡು ಕಡಲು ಎನ್ನುತ್ತಾರೆ. ಮನ್ನಾರ್ ಕೊಲ್ಲಿಯಲ್ಲಿ ಪಾಂಬನ್‌ನಿಂದ ತೂತ್ತುಕುಡಿಯವರೆಗೆ 21 ಪುಟ್ಟ ದ್ವೀಪಗಳ ಸಾಲು, ಅವುಗಳ ಸುತ್ತ ಹವಳದ ದಿಬ್ಬಗಳು. 1986ರಲ್ಲಿ ಇದನ್ನು ಸಾಗರ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಪ್ರಾಣಿಶಾಸ್ತ್ರ ಓದುವ ವಿದ್ಯಾರ್ಥಿಗಳು ಪಠ್ಯದಲ್ಲಿ ಕಾಣುವ ‘ಬಲನೊಗ್ಲಾಸಸ್’ ಎಂಬ ಹುಳುವಿನಂಥ ಜೀವಿಗೆ ಹೆಸರಾದ ಕುರುಸಡೈ ದ್ವೀಪವೂ ಇದೇ ಸಾಲಿನದು.

ಸಂಸ್ಥೆಯ ಆವರಣದಲ್ಲಿ ಒಂದು ಮತ್ಸ್ಯಾಗಾರವಿದೆ. ದೊಡ್ಡ ನಗರಗಳ ಥಳುಕು ಇಲ್ಲಿಲ್ಲ, ಆದರೆ ಮಕ್ಕಳು ಅಲ್ಲಿಂದ ಕದಲುವುದಿಲ್ಲ. ಕಿತ್ತಳೆ ಮೈಗೆ ಬಿಳಿ ಪಟ್ಟೆ ಬಳಿದುಕೊಂಡ ಕೋಡಂಗಿ ಮೀನಿನ ಮುಂದೆಯಂತೂ ಜಾತ್ರೆ. ಕಡಲ ಹೂವಿನ ಕುಟುಕುವ ಎಸಳುಗಳ ನಡುವೆ ಬೇರೆ ಮೀನು ಹೊಕ್ಕರೆ ಸಾವೇ ಗತಿ, ಇದಕ್ಕೋ ಅದೇ ಮನೆ. ಮೈಮೇಲಿನ ಲೋಳೆಯೇ ಇದರ ರಕ್ಷೆ. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣು. ಅದು ಸತ್ತರೆ ಜೊತೆಯ ಗಂಡೇ ಹೆಣ್ಣಾಗಿ ಬದಲಾಗುತ್ತದೆ! ಇಷ್ಟು ಕೇಳಿದ ಮೇಲೆ ಮಕ್ಕಳ ಬಾಯಲ್ಲಿ ಬರುವುದು ಒಂದೇ ಮಾತು: “ಅಪ್ಪಾ, ನಮ್ಮನೇಲೂ ಒಂದು ತೊಟ್ಟಿ ಇಡೋಣ.”

ಇಡಬಹುದು. ಆದರೆ ಸಾಮಾನ್ಯವಾಗಿ ನಡೆಯುವುದು ಹೀಗೆ. ಊರಿಗೆ ಮರಳಿದ ಭಾನುವಾರ ಅಪ್ಪ ಮಗ ಅಂಗಡಿಗೆ ಹೋಗುತ್ತಾರೆ. ಗಾಜಿನ ತೊಟ್ಟಿ, ಪಂಪು, ದೀಪ, ಉಪ್ಪಿನ ಪೊಟ್ಟಣ, ಪ್ಲಾಸ್ಟಿಕ್ ಚೀಲದಲ್ಲಿ ಐದಾರು ಬಣ್ಣದ ಮೀನು, ಎಲ್ಲ ಒಂದೇ ಆಟೋದಲ್ಲಿ ಮನೆಗೆ. ಸಂಜೆ ನೀರು ತುಂಬಿ ಮೀನು ಬಿಟ್ಟಾಯಿತು. ಅಕ್ಕಪಕ್ಕದವರು ನೋಡಿ ಹೋದದ್ದೂ ಆಯಿತು. ಬುಧವಾರದ ಹೊತ್ತಿಗೆ ಒಂದು ಮೀನು ಮೂಲೆಯಲ್ಲಿ ಏದುಸಿರು ಬಿಡುತ್ತಿರುತ್ತದೆ. ಶುಕ್ರವಾರ ಮಗ ಶಾಲೆಯಿಂದ ಬರುವ ಮುನ್ನ ಅಮ್ಮ ಸತ್ತದ್ದನ್ನು ಜಾಲರಿಯಲ್ಲಿ ಎತ್ತಿ ಹಿತ್ತಲಲ್ಲಿ ಹೂಳುತ್ತಾಳೆ. ಅಂಗಡಿಯವನು ಕೆಟ್ಟ ಮೀನು ಕೊಟ್ಟ ಎಂದು ಅಪ್ಪನಿಗೆ ಸಿಟ್ಟು. ತಾನೇ ಹೆಚ್ಚು ತಿನ್ನಿಸಿ ಕೊಂದೆನೇನೋ ಎಂದು ಮಗನಿಗೆ ಅಳು. ಹೆಚ್ಚಿನ ಸಲ ನಿಜವಾದ ಕಾರಣ ಇವೆರಡೂ ಅಲ್ಲ. ನೀರು ಇನ್ನೂ ಮೀನಿಗೆ ಸಿದ್ಧವಾಗಿರಲಿಲ್ಲ.

ತಿಳಿಯಾಗಿ ಕಾಣುವ ನೀರಿನಲ್ಲಿ ಏನು ಕೊರತೆ? ಮೀನು ಉಸಿರಾಡುವಾಗ ಕಿವಿರುಗಳ ಮೂಲಕ ಅಮೋನಿಯಾ ಹೊರಬಿಡುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅದೇ. ಮನ್ನಾರ್ ಕೊಲ್ಲಿಯಲ್ಲಿ ಅದು ಲೆಕ್ಕಕ್ಕೇ ಬಾರದು, ಅಷ್ಟು ನೀರಿದೆ. ಗಾಜಿನ ಪೆಟ್ಟಿಗೆಯಲ್ಲಿ ಅದು ಶೇಖರವಾಗುತ್ತ ಹೋಗುತ್ತದೆ. ಉಪ್ಪುನೀರಿನಲ್ಲಿ ಇನ್ನೊಂದು ತೊಡಕಿದೆ. ತಟಸ್ಥ ಗುಣದ ಸಿಹಿನೀರಿನಲ್ಲಿ ಅಮೋನಿಯಾದ ಬಹುಭಾಗ ಅಷ್ಟೇನೂ ಅಪಾಯವಿಲ್ಲದ ಅಮೋನಿಯಂ ರೂಪದಲ್ಲಿರುತ್ತದೆ. ಕಡಲ ನೀರಿಗೆ ಕ್ಷಾರಗುಣ ಹೆಚ್ಚು, ಅದರ ಪಿ.ಎಚ್. ಮಟ್ಟ 8.2ರ ಆಸುಪಾಸು. ಅಲ್ಲಿ ವಿಷರೂಪದ ಪಾಲು ಹತ್ತುಪಟ್ಟಿಗೂ ಮಿಕ್ಕುತ್ತದೆ. ಗೋಲ್ಡ್‌ಫಿಶ್ ಹೇಗೋ ಸಹಿಸಿಕೊಂಡೀತು ಎನ್ನಬಹುದಾದ ಕೊಳೆಯನ್ನು ಹವಳದ ಮೀನು ತಾಳಲಾರದು.

ಇದಕ್ಕೆ ಪರಿಹಾರ ಯಾವ ಬಾಟಲಿಯಲ್ಲಿಯೂ ಸುಲಭಕ್ಕೆ ಸಿಗುವುದಿಲ್ಲ. ಕಡಲಿನಲ್ಲಿ ಬಂಡೆ, ಮರಳುಗಳ ಮೇಲೆ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಇವೆ. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಕೊನೆಯದು ಬಹುಮಟ್ಟಿಗೆ ಸಾಧು, ಆಗಾಗ ಸ್ವಲ್ಪ ನೀರು ಬದಲಿಸಿದರೆ ಸಾಕು. ಹೊಸ ತೊಟ್ಟಿಯಲ್ಲಿ ಈ ಸೂಕ್ಷ್ಮಜೀವಿಗಳು ನೆಲೆಯೂರಿ ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ತೊಟ್ಟಿಯಲ್ಲಿ ಮೀನು ಇರಬಾರದು. ಸೂಕ್ಷ್ಮಜೀವಿಗಳಿಗೆ ಮೇವಾಗಲೆಂದು ಒಂದು ಚಿಟಿಕೆ ಮೀನಿನ ಆಹಾರವನ್ನೋ, ಒಂದು ತುಂಡು ಸಿಗಡಿಯನ್ನೋ ಹಾಕಿಟ್ಟರೆ ಆಯಿತು. ಹಿಂದೆ ಗಟ್ಟಿ ಜೀವದ ಡ್ಯಾಮ್ಸೆಲ್ ಮೀನುಗಳನ್ನು ಬಿಟ್ಟು ಅವುಗಳ ಪ್ರಾಣ ಪಣಕ್ಕಿಟ್ಟು ಇದೇ ಕೆಲಸ ಮಾಡಿಸುತ್ತಿದ್ದರು. ಬದುಕಿ ಉಳಿದ ಡ್ಯಾಮ್ಸೆಲ್ ಇಡೀ ತೊಟ್ಟಿಯೇ ತನ್ನದೆಂದು ಆಮೇಲೆ ಬಂದವರನ್ನೆಲ್ಲ ಕಚ್ಚಿ ಓಡಿಸುತ್ತಿತ್ತು. ಅದರದೇನು ತಪ್ಪು?

ವಿಜ್ಞಾನದ ವಿದ್ಯಾರ್ಥಿಗೆ ಈ ಆರು ವಾರಗಳೇ ತೊಟ್ಟಿಯ ಅತಿ ಸ್ವಾರಸ್ಯದ ಕಾಲ ಎಂದರೆ ತಪ್ಪಾಗದು. ಬಣ್ಣ ಬದಲಿಸುವ ಪರೀಕ್ಷಾ ದ್ರಾವಣಗಳು ಅಂಗಡಿಯಲ್ಲಿ ಸಿಗುತ್ತವೆ. ಎರಡು ದಿನಕ್ಕೊಮ್ಮೆ ನೋಡಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ, ಮೊದಲು ಅಮೋನಿಯಾ ಏರುವುದು, ಅದು ಇಳಿಯುವಾಗ ನೈಟ್ರೈಟ್ ಏರುವುದು, ಕೊನೆಗೆ ಎರಡೂ ಸೊನ್ನೆಗೆ ಬಂದು ನೈಟ್ರೇಟ್ ಮಾತ್ರ ಉಳಿಯುವುದು ಗ್ರಾಫಿನಲ್ಲಿ ಬೆಟ್ಟಗಳ ಸಾಲಿನಂತೆ ಮೂಡುತ್ತದೆ. ಎರಡೂ ಸೊನ್ನೆಯಾಗಿ ಕೆಲವು ದಿನ ಹಾಗೆಯೇ ನಿಂತರೆ ಮೀನು ತರಬಹುದು.

ಇನ್ನು ಉಪ್ಪಿನ ಮಾತು. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿವೆ. 200 ಲೀಟರಿನ ತೊಟ್ಟಿಗೆ ಹೆಚ್ಚುಕಡಿಮೆ ಏಳು ಕಿಲೊ. ಅಡುಗೆ ಉಪ್ಪು ನಡೆಯದು. ಕಡಲ ನೀರೆಂದರೆ ಬರೀ ಸೋಡಿಯಂ ಕ್ಲೋರೈಡ್ ಅಲ್ಲ, ಮೆಗ್ನೀಸಿಯಂ, ಕ್ಯಾಲ್ಸಿಯಂ ಎಲ್ಲವೂ ಅಳತೆಗೆ ಸರಿಯಾಗಿ ಬೇಕು. ಅದಕ್ಕೆಂದೇ ತಯಾರಿಸಿದ ಉಪ್ಪು ಸಿಗುತ್ತದೆ. ನಲ್ಲಿ ನೀರಿನ ಕ್ಲೋರಿನ್ ಹೋಗಲಾಡಿಸದಿದ್ದರೆ ಮೀನೂ ಸಾಯುತ್ತದೆ, ಕಷ್ಟಪಟ್ಟು ಬೆಳೆಸಿದ ಸೂಕ್ಷ್ಮಜೀವಿಗಳೂ ಸಾಯುತ್ತವೆ. ನೀರು ಆವಿಯಾಗಿ ಮಟ್ಟ ಇಳಿದಾಗ ಅನೇಕರು ಉಪ್ಪುನೀರನ್ನೇ ಸುರಿಯುತ್ತಾರೆ. ಮನ್ನಾರ್ ಕೊಲ್ಲಿಯ ಇನ್ನೊಂದು ತುದಿ ತೂತ್ತುಕುಡಿಯ ಉಪ್ಪಿನ ಗದ್ದೆಗಳನ್ನು ನೋಡಿದವರು ಈ ತಪ್ಪು ಮಾಡಲಾರರು. ಬಿಸಿಲಿಗೆ ಆರಿ ಹೋಗುವುದು ನೀರು ಮಾತ್ರ, ಉಪ್ಪು ಹಿಂದೆ ಉಳಿಯುತ್ತದೆ. ಆದ್ದರಿಂದ ಹಾಗೆ ತುಂಬಬೇಕಾದದ್ದು ಸಿಹಿನೀರು.

ಬ್ಯಾಕ್ಟೀರಿಯಾ ಬಂದವು, ನೀರು ಸಿದ್ಧವಾಯಿತು. ಆದರೂ ಅಂಗಡಿಯಿಂದ ತಂದ ಮೀನನ್ನು ನೇರವಾಗಿ ತೊಟ್ಟಿಗೆ ಬಿಡುವಂತಿಲ್ಲ. ಮಂಡಪಂನ ಹಳೆಯ ಕ್ಯಾಂಪು ನೆನಪಾಗುವುದು ಇಲ್ಲಿಯೇ. ಕಡಲ ಮೀನುಗಳಿಗೆ ಬಿಳಿಚುಕ್ಕೆ ರೋಗವೆಂಬುದೊಂದಿದೆ. ಕ್ರಿಪ್ಟೊಕ್ಯಾರಿಯಾನ್ ಎಂಬ ಏಕಕೋಶ ಜೀವಿ ಅದರ ಮೂಲ. ಅದು ಕೆಲವು ದಿನ ಮೀನಿನ ಮೈಯಲ್ಲಿದ್ದು ಉದುರಿ, ಕೋಶ ಕಟ್ಟಿಕೊಂಡು ಮರಳಲ್ಲಿ ಕೂರುತ್ತದೆ. ಮುಂದೆ ಅದು ಒಡೆದಾಗ ನೂರಾರು ಮರಿಗಳು ಹೊರಬಂದು ಸಿಕ್ಕ ಮೀನಿಗೆಲ್ಲ ಅಂಟಿಕೊಳ್ಳುತ್ತವೆ. ಚುಕ್ಕೆ ಮಾಯವಾದದ್ದು ನೋಡಿ ಗುಣವಾಯಿತೆಂದು ಹಿಗ್ಗುವವರಿಗೆ ಒಂದೆರಡು ವಾರದಲ್ಲಿ ಆಘಾತ ಕಾದಿರುತ್ತದೆ. ಬೇರೊಂದು ಸಣ್ಣ ತೊಟ್ಟಿಯಲ್ಲಿ ಹೊಸ ಮೀನನ್ನು ನಾಲ್ಕು ವಾರ ಇಟ್ಟು ನೋಡಿದರೆ ಕಾಯಿಲೆ ಅಲ್ಲಿಯೇ ಬಯಲಾಗುತ್ತದೆ, ಔಷಧಿಯನ್ನೂ ಅಲ್ಲಿಯೇ ಕೊಡಬಹುದು. ಬಿಡುವ ದಿನ ಮೊದಲು ಬಿಸಿ ಸಮವಾಗಲಿ, ಆಮೇಲೆ ತೊಟ್ಟಿಯ ನೀರನ್ನು ತೊಟ್ಟುತೊಟ್ಟಾಗಿ ಬೆರೆಸಬೇಕು, ದೀಪ ಆರಿಸಿರಬೇಕು. ಚೀಲದ ನೀರನ್ನು ಮಾತ್ರ ತೊಟ್ಟಿಗೆ ಸುರಿಯಬಾರದು.

ಮೊದಲ ಸಲ ಒಂದೋ ಎರಡೋ ಮೀನು ಸಾಕು. ಅಷ್ಟರ ಕೊಳೆಗೆ ತಕ್ಕಷ್ಟೇ ಸೂಕ್ಷ್ಮಜೀವಿಗಳು ಅಲ್ಲಿರುತ್ತವೆ. ಮುಂದಿನ ಮೀನಿಗೆ ಇನ್ನೆರಡು ಮೂರು ವಾರ ಬಿಡುವು ಬೇಕು. ಸಾಧು ಸ್ವಭಾವದವು ಮೊದಲು, ಜಗಳಗಂಟರು ಕೊನೆಗೆ.

ಯಾವ ಮೀನು ಎಂಬ ಪ್ರಶ್ನೆಗೆ ಮಂಡಪಂ ಒಳ್ಳೆಯ ಉತ್ತರ ಕೊಡುತ್ತದೆ. ಇಲ್ಲಿಯ ವಿಜ್ಞಾನಿಗಳು ಕೋಡಂಗಿ ಮೀನಿನ ಹಲವು ಜಾತಿಗಳನ್ನು ತೊಟ್ಟಿಯಲ್ಲಿಯೇ ಮರಿ ಮಾಡಿಸಿದ್ದಾರೆ. ಜೋಡಿ ಮೀನು ಬಂಡೆಯ ಮೇಲೆ ಮೊಟ್ಟೆಯಿಡುತ್ತದೆ, ಗಂಡು ರೆಕ್ಕೆ ಬೀಸಿ ಗಾಳಿ ಹಾಕುತ್ತ ಕಾವಲಿರುತ್ತದೆ. ಸುಮಾರು ಒಂದು ವಾರದಲ್ಲಿ, ಅದೂ ಕತ್ತಲಾದ ಮೇಲೆ, ಮರಿಗಳು ಹೊರಬರುತ್ತವೆ. ಆಗ ಅವು ಒಂದು ಅಕ್ಕಿ ಕಾಳಿನಷ್ಟೂ ಇರುವುದಿಲ್ಲ. ಅವಕ್ಕೆ ತಿನ್ನಿಸಲು ರೋಟಿಫರ್ ಎಂಬ ಸೂಕ್ಷ್ಮ ಪ್ರಾಣಿಗಳನ್ನು ಸಾಕಬೇಕು, ರೋಟಿಫರ್‌ಗೆ ತಿನ್ನಿಸಲು ಹಸಿರು ಪಾಚಿ ಬೆಳೆಸಬೇಕು. ಒಂದು ಮೀನಿನ ಹಿಂದೆ ಎಷ್ಟು ದುಡಿಮೆ! ಬೆಳೆದ ಮರಿಗಳನ್ನು ಮಾರಾಟದ ಗಾತ್ರಕ್ಕೆ ಸಾಕುವ ಕೆಲಸವನ್ನು ಕರಾವಳಿಯ ಮಹಿಳಾ ಸಂಘಗಳಿಗೂ ಕಲಿಸಲಾಗಿದೆ. ಹೀಗೆ ಹುಟ್ಟಿದ ಮೀನು ಹುಟ್ಟಿನಿಂದಲೇ ಗಾಜು ಕಂಡದ್ದು, ಒಣ ಆಹಾರ ತಿನ್ನುತ್ತದೆ, ಕಡಲ ಹೂವಿಲ್ಲದೆಯೂ ಬಾಳುತ್ತದೆ. ಹೊಸಬರು ಕೇಳಿ ಕೊಳ್ಳಬೇಕಾದದ್ದು ಇದನ್ನೇ.

ಕಡಲಿಂದ ಹಿಡಿದು ತಂದವುಗಳ ಕತೆ ಬೇರೆ. ನೋಡಲು ಚೆಲುವೆಯರಾದ ಚಿಟ್ಟೆ ಮೀನುಗಳಲ್ಲಿ ಅನೇಕ ಜಾತಿಗಳು ಜೀವಂತ ಹವಳವನ್ನೇ ಮೇಯುವಂಥವು. ತೊಟ್ಟಿಯಲ್ಲಿ ಅವು ಏನನ್ನೂ ಮುಟ್ಟದೆ ಸೊರಗುತ್ತವೆ. ಫಿಲಿಪೀನ್ಸ್, ಇಂಡೋನೇಷ್ಯಾಗಳ ಹವಳ ದಿಬ್ಬಗಳಲ್ಲಿ ಸಯನೈಡ್ ಚಿಮುಕಿಸಿ ಮೀನನ್ನು ಅರೆಪ್ರಜ್ಞೆ ಮಾಡಿ ಹಿಡಿಯುವ ಕೆಟ್ಟ ಪದ್ಧತಿ ದಶಕಗಳ ಕಾಲ ನಡೆದಿದೆ. ಅಂಥ ಮೀನು ಅಂಗಡಿಯಲ್ಲಿ ಚೆನ್ನಾಗಿಯೇ ಕಂಡು ಮನೆಯಲ್ಲಿ ಸಾಯಬಹುದು. ಸಿನಿಮಾದಲ್ಲಿ ಕಂಡ ನೀಲಿ ಟ್ಯಾಂಗ್ ಬೇಕೆಂದು ಹಟ ಹಿಡಿಯುವ ಮಕ್ಕಳಿಗೆ, ಅದು ಒಂದು ಅಡಿಯಷ್ಟು ಬೆಳೆಯುವ ಮೀನೆಂದು ಸ್ಕೇಲು ಹಿಡಿದು ತೋರಿಸುವುದು ವಾಸಿ.

ವಿದೇಶಿ ಪುಸ್ತಕಗಳಲ್ಲಿ ತೊಟ್ಟಿಗೆ ‘ಜೀವಂತ ಕಲ್ಲು’ ಹಾಕಿರಿ, ಹವಳ ನೆಡಿರಿ ಎಂದಿರುತ್ತದೆ. ನಮ್ಮಲ್ಲಿ 2001ರಿಂದ ಗಟ್ಟಿ ಹವಳಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪೂರ್ಣ ರಕ್ಷಣೆಯಿದೆ, ಕಡಲ ಕುದುರೆಗಳಿಗೂ ಇದೆ. ಏಕೆ ಬೇಕಾಯಿತೆಂಬುದಕ್ಕೆ ಮನ್ನಾರ್ ಕೊಲ್ಲಿಯೇ ಸಾಕ್ಷಿ. ಸುಣ್ಣಕ್ಕಾಗಿ ಇಲ್ಲಿ ವರ್ಷಗಟ್ಟಲೆ ದೋಣಿ ತುಂಬ ಹವಳ ಅಗೆದು ಸಾಗಿಸಿದರು. ಅಲೆ ತಡೆಯುವ ಗೋಡೆ ಇಲ್ಲದಾಗಿ 21 ದ್ವೀಪಗಳಲ್ಲಿ ಎರಡು ನೀರೊಳಗೆ ಮುಳುಗಿಹೋಗಿವೆ. ಉಳಿದವುಗಳ ಹವಳವೂ 1998, 2016ರಂಥ ಬಿಸಿ ವರ್ಷಗಳಲ್ಲಿ ಬಿಳುಪೇರಿ ನರಳಿದೆ. ಮನೆಯ ತೊಟ್ಟಿಗೆ ಸುಟ್ಟ ಜೇಡಿಯ ಇಲ್ಲವೇ ಸಿಮೆಂಟಿನ ಕೃತಕ ಕಲ್ಲು ಸಾಕು, ಬ್ಯಾಕ್ಟೀರಿಯಾಗಳು ಅದರಲ್ಲೂ ನೆಲೆಸುತ್ತವೆ.

ಮಂಡಪಂ ಮದುರೆಯಿಂದ ಸುಮಾರು 150 ಕಿ.ಮೀ. ರಾಮೇಶ್ವರ ಇಲ್ಲಿಂದ 20 ಕಿ.ಮೀ.ಗೂ ಕಡಿಮೆ, ಬಸ್ಸು ರೈಲು ಎರಡೂ ಉಂಟು. ಬೇಸಿಗೆ ರಜೆಯ ಬಿಸಿಲು ಜೋರು, ಡಿಸೆಂಬರ್ ಕೊನೆಯಿಂದ ಫೆಬ್ರುವರಿಯವರೆಗೆ ಹಿತ. ರಾಮೇಶ್ವರದಿಂದ ಮರಳು ತಂದು ಕಾಶಿಗೆ ಒಯ್ಯುವ ಪದ್ಧತಿಯವರು ಮರಳನ್ನು ಮಾತ್ರ ತರಲಿ, ದಡದಲ್ಲಿ ಬಿದ್ದ ಹವಳದ ತುಂಡನ್ನು ಮಕ್ಕಳ ಚೀಲದಿಂದ ತೆಗೆದು ಅಲ್ಲಿಯೇ ಇಟ್ಟು ಬರಲಿ. ಊರಿಗೆ ಬಂದ ಮೇಲೆ ತೊಟ್ಟಿ ಕೊಳ್ಳುವುದಾದರೆ ಮೊದಲು ಮೇಜು ನೋಡಿಕೊಳ್ಳಬೇಕು. 200 ಲೀಟರ್ ನೀರೆಂದರೆ ಕಲ್ಲು, ಗಾಜು ಬಿಟ್ಟೇ 200 ಕಿಲೊ.