ಆಗುಂಬೆಯ ಸೀಮೆಯ ಹಂಡೆಯೊಲೆ

ಅರಬ್ಬೀ ಸಮುದ್ರದಿಂದ ಬಂದ ಮೋಡಗಳು ಸಹ್ಯಾದ್ರಿಯ ಅಂಚನ್ನು ತಾಗಿ ಮೇಲೇರುವಾಗ ತಮ್ಮ ಭಾರವನ್ನು ಇಳಿಸುವ ಸ್ಥಳಗಳಲ್ಲಿ ಆಗುಂಬೆಯು ಪ್ರಸಿದ್ಧವಾದುದು. ವರ್ಷಕ್ಕೆ ಸರಾಸರಿ ೭,೦೦೦ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಈ ಊರನ್ನು ದಕ್ಷಿಣದ ಚಿರಾಪುಂಜಿಯೆಂದು ಕರೆಯುವುದನ್ನು ವಾಚಕರು ಕೇಳಿರಬಹುದು. ಬಯಲುಸೀಮೆಯವರಾದ ನಾವು ಒಂದು ಶ್ರಾವಣದಲ್ಲಿ ಇಲ್ಲಿಗೆ ಸಮೀಪದ ಬಂಧುಗಳ ಮನೆಯಲ್ಲಿ ಎಂಟು ದಿನ ತಂಗಿದ್ದೆವು. ಇಲ್ಲಿಯ ಜಲಪಾತಗಳನ್ನೂ ಸೂರ್ಯಾಸ್ತವನ್ನೂ ವರ್ಣಿಸಿದವರು ಬಹು ಮಂದಿ. ಬಚ್ಚಲುಮನೆಯ ಒಲೆಯನ್ನು ವರ್ಣಿಸಿದವರು ಕಡಿಮೆ. ಆ ಕೊರತೆಯನ್ನು ತುಂಬಲು ನಾವು ಅಪ್ಪಣೆ ಬೇಡುತ್ತೇವೆ.

ಈ ಸೀಮೆಯಲ್ಲಿ ಅಡುಗೆಗೆ ಗ್ಯಾಸು ಬಂದಿದ್ದರೂ, ಸ್ನಾನದ ನೀರಿಗೆ ತಾಮ್ರದ ಹಂಡೆಯೂ ಕಟ್ಟಿಗೆಯ ಒಲೆಯೂ ಅನೇಕ ಮನೆಗಳಲ್ಲಿ ಉಳಿದಿವೆ. ನಾವಿದ್ದ ಮನೆಯಲ್ಲಿ ಹದಿನೈದು ದಿನದ ಬಾಣಂತಿಯಿದ್ದಳು. ಬೇಸಗೆಯಲ್ಲಿ ಕಟ್ಟಿಗೆ ಮಾಡಿಸಲು ಬಿಡುವಾಗದೆ, ಆಷಾಢದಲ್ಲಿ ಹಸಿಯದನ್ನೇ ಕೊಂಡಿದ್ದರು. ಬೆಳಗಿನ ಐದು ಗಂಟೆಗೆ ಹೊತ್ತಿಸಿದ ಒಲೆಯು ಎಂಟಾದರೂ ಹಂಡೆಯನ್ನು ಬೆಚ್ಚಗೆ ಮಾಡದು. ಹೊಗೆಯೇನೋ ಬಾಣಂತಿಯ ಕೋಣೆಯವರೆಗೂ ಹರಿಯಿತು. ತೊಟ್ಟಿಲಿನ ಶಿಶು ಕೆಮ್ಮಿತು. ಮನೆಯೊಳಗಿನ ಹೊಗೆಯಿಂದ ಎಳೆಯ ಮಕ್ಕಳಿಗೆ ನ್ಯುಮೋನಿಯದ ಭಯ ಹೆಚ್ಚೆಂದು ವೈದ್ಯಶಾಸ್ತ್ರವು ನಿಶ್ಚಯಿಸಿರುವುದರಿಂದ, ಇದು ನೀರು ಕಾಯದ ತೊಂದರೆ ಮಾತ್ರವಾಗಿರಲಿಲ್ಲ.

ಗಾಬರಿಗೊಂಡ ಯಜಮಾನರು ಇನ್ನಷ್ಟು ಕಟ್ಟಿಗೆ ತುರುಕಲು ಹೋದರು. ಅವರ ತಾಯಿ, ಎಂಬತ್ತು ದಾಟಿದ ವೃದ್ಧೆ, ತಡೆದು, “ತುರುಕಬೇಡ ಮಾರಾಯ, ಹೊರಗೆ ಎಳೆ. ಬೆಂಕಿಗೂ ಉಸಿರು ಬೇಡವೇ?” ಎಂದರು.

ತರ್ಕಶಾಸ್ತ್ರವನ್ನು ಓದಿದವರು ಇಲ್ಲಿ ಒಂದು ಹಳೆಯ ಪಾಠವನ್ನು ನೆನೆಯಬಹುದು. ಹೊಗೆಯಿದ್ದಲ್ಲಿ ಬೆಂಕಿಯುಂಟು, ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯಿರಬೇಕೆಂಬ ನಿಯಮವಿಲ್ಲ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಗೆ ಬೆಂಕಿಯೊಡನೆ ಹಸಿ ಸೌದೆಯೂ ಸೇರಬೇಕು. ಈ ‘ಆರ್ದ್ರೇಂಧನ ಸಂಯೋಗ’ವನ್ನು ನೈಯಾಯಿಕರು ಉಪಾಧಿಯೆಂದು ಕರೆದರು. ನಾವು ಇದನ್ನು ಎಷ್ಟೋ ವರ್ಷ ಹುಡುಗರಿಗೆ ಬಾಯಿಪಾಠ ಮಾಡಿಸಿದ್ದೆವು. ಅದರ ಪ್ರಯೋಗವನ್ನು ಕಂಡದ್ದು ಆ ಬಚ್ಚಲಿನಲ್ಲಿ.

ಆಗತಾನೆ ಕಡಿದ ಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಸೀಳಿ ಒಂದು ಬೇಸಗೆ ಒಣಗಿಸಿದರೆ ಅದು ಐದರಲ್ಲೊಂದು ಪಾಲಿಗೆ ಇಳಿಯುವುದು. ಹಸಿ ಕಟ್ಟಿಗೆಯೊಳಗಿನ ೧ ಲೀಟರು ನೀರನ್ನು ಆವಿ ಮಾಡುವುದರಲ್ಲಿ ವ್ಯಯವಾಗುವ ಶಾಖವೆಲ್ಲ ಹಂಡೆಗೇ ಸೇರಿದ್ದರೆ, ಸುಮಾರು ೨೦ ಲೀಟರು ತಣ್ಣೀರು ಸ್ನಾನಕ್ಕೆ ಹದವಾಗುತ್ತಿತ್ತು! ಇಷ್ಟೇ ಅಲ್ಲ, ಹೊಗೆಯೆಂಬುದು ಪೂರ್ತಿ ಉರಿಯದೆ ಹೊರಟುಹೋದ ಸೌದೆಯೇ. ಕಣ್ಣು ಉರಿಸುವುದು ಹಂಡೆಗೆ ಸಲ್ಲಬೇಕಾಗಿದ್ದ ಪದಾರ್ಥ.

ವೃದ್ಧೆಯು ಮಾಡಿಸಿದ್ದು ಇಷ್ಟು: ಕೋಣೆಯ ಬಾಗಿಲನ್ನು ಮುಚ್ಚಿಸಿ ಬಚ್ಚಲಿನ ಕಿಟಕಿಯನ್ನು ತೆರೆಸಿದರು. ಒಲೆಯ ಬಾಯನ್ನು ಕಟ್ಟಿದ್ದ ಬೂದಿಯನ್ನು ತೆಗೆಸಿದರು. ನೆರೆಮನೆಯಿಂದ ಒಂದು ಹೊರೆ ಒಣ ಕಟ್ಟಿಗೆಯನ್ನು ತರಿಸಿ, ಬೆರಳು ದಪ್ಪಕ್ಕೆ ಸೀಳಿಸಿ, ಅಟ್ಟದ ಮೇಲಿದ್ದ ಅಡಿಕೆ ಸಿಪ್ಪೆ, ತೆಂಗಿನ ಕರಟಗಳಿಂದ ಉರಿ ಹಿಡಿಸಿದರು. ಕಟ್ಟಿಗೆಗಳ ನಡುವೆ ಗಾಳಿಯಾಡುವಷ್ಟು ಎಡೆ ಬಿಡಿಸಿದರು. ಹಂಡೆಯ ಪಕ್ಕದಲ್ಲಿ ಜ್ವಾಲೆ ನುಸುಳುತ್ತಿದ್ದ ಬಿರುಕಿಗೆ ಮಣ್ಣು ಮೆತ್ತಿಸಿದರು. ಗಂಟೆಯೊಂದು ಕಳೆಯುವುದರೊಳಗೆ ಹಂಡೆಯು ಹಬೆಯಾಡಿತು; ಬಾಣಂತಿಗೆ ನೀರೆರೆದರು; ಶಿಶುವು ನಿದ್ರಿಸಿತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಆರಂಭವಾದ ‘ಅಸ್ತ್ರ’ ವಿಭಾಗದ ವಿದ್ವಾಂಸರು ರೂಪಿಸಿದ ಅಡುಗೆಯ ಒಲೆಯಲ್ಲಿಯೂ ಇವೇ ತತ್ತ್ವಗಳಿವೆ. ಕೆಳಗಿನಿಂದ ಗಾಳಿ ಬರಲು ಜಾಲರಿ, ಉರಿಯು ಪೋಲಾಗದಂತೆ ಬಿಗಿಯಾಗಿ ಕೂರುವ ಮೂರು ಪಾತ್ರೆಗಳು, ಹೊಗೆಯನ್ನು ಸೂರಿನಾಚೆಗೆ ಒಯ್ಯುವ ಕೊಳವೆ. ಸೌದೆ ಉಳಿದರೆ ಕಾಡೂ ಅಷ್ಟು ಉಳಿಯುವುದು.

ಆದರೆ ಒಲೆ ಎಷ್ಟು ಉತ್ತಮವಾದರೂ ಹಸಿ ಸೌದೆಯನ್ನು ಒಣಗಿಸಿಕೊಡಲಾರದು. ಮಲೆನಾಡಿನ ಹಿರಿಯರು ಬೇಸಗೆಯಲ್ಲಿಯೇ ಕಟ್ಟಿಗೆಯನ್ನು ಸೀಳಿ, ಬಿಸಿಲು ಕಾಣಿಸಿ, ನೆಲದ ತೇವ ತಾಗದಂತೆ ಕೊಟ್ಟಿಗೆಯಲ್ಲಿ ಒಟ್ಟುತ್ತಿದ್ದುದು ಇದಕ್ಕಾಗಿಯೇ. ಒಲೆಯನ್ನು ಇಟ್ಟುಕೊಂಡ ಗೃಹಸ್ಥರು ಇದನ್ನು ಮರೆಯಬಾರದು. ಶ್ರಾವಣದ ಬಿಸಿನೀರು ಕಾಯತೊಡಗುವುದು ಫಾಲ್ಗುಣದ ಬಿಸಿಲಿನಲ್ಲಿ.