ಕಾಲಡಿಯ ಸ್ಮಾರಕ

ಪ್ಯಾರಿಸಿಗೆ ಬಂದಿಳಿದ ಪ್ರವಾಸಿಯ ಕ್ಯಾಮರಾ ಸದಾ ಮೇಲ್ಮೊಗವಾಗಿಯೇ ಇರುತ್ತದೆ. ಐಫೆಲ್ ಗೋಪುರದ ತುದಿ, ಇಗರ್ಜಿಗಳ ಶಿಖರ, ಸೇತುವೆಯ ಕಂಬಗಳ ಮೇಲಿನ ಹೊಂಬಣ್ಣದ ಪ್ರತಿಮೆಗಳು, ಎಲ್ಲವೂ ತಲೆಯೆತ್ತಿ ನೋಡಬೇಕಾದವುಗಳೇ. ಆದರೆ ತಲೆ ತಗ್ಗಿಸಿ ನಡೆಯುವವನಿಗೆ ಮಾತ್ರ ಕಾಣಸಿಗುವ ಸ್ಮಾರಕವೂ ಒಂದು ಅಲ್ಲಿ ಉಂಟು.

ಲೂವ್ರ್ ಅರಮನೆಯ ಅಂಗಳದಲ್ಲಿ, ಲುಕ್ಸೆಂಬೂರ್ ಉದ್ಯಾನದ ಹಾದಿಯಲ್ಲಿ, ಕಾಲುದಾರಿಗಳ ಕಲ್ಲುಹಾಸಿನಲ್ಲಿ ಕಂಚಿನ ಬಿಲ್ಲೆಗಳನ್ನು ಹುದುಗಿಸಲಾಗಿದೆ. ಒಂದೊಂದರ ಅಗಲ 12 ಸೆಂಟಿಮೀಟರು. ಮೇಲೆ 'ಅರಾಗೊ' ಎಂಬ ಹೆಸರು. ಉತ್ತರ, ದಕ್ಷಿಣಗಳನ್ನು ಸೂಚಿಸುವ ಒಂದೊಂದು ಅಕ್ಷರ. ಅಷ್ಟೆ, ಬೇರೆ ವಿವರಣೆಯಿಲ್ಲ. ಆ ಅಕ್ಷರಗಳು ತೋರಿದ ದಿಕ್ಕನ್ನೇ ಹಿಡಿದು ಹೊರಟರೆ ಇನ್ನೊಂದು ಬಿಲ್ಲೆ ಎದುರಾಗುತ್ತದೆ. ಇದು ಹಳೆಯ ಪ್ಯಾರಿಸ್ ಮಧ್ಯಾಹ್ನರೇಖೆಯ ಜಾಡು. 1884ರಲ್ಲಿ ಗ್ರೀನಿಚ್ ರೇಖೆಗೆ ಅಂತರರಾಷ್ಟ್ರೀಯ ಮನ್ನಣೆ ದೊರೆತ ಮೇಲೂ ಫ್ರೆಂಚರು 1911ರವರೆಗೆ ಈ ರೇಖೆಯನ್ನು ಬಿಟ್ಟುಕೊಡಲಿಲ್ಲ.

ಅರಾಗೊ ಯಾರು? ಪ್ಯಾರಿಸ್ ವೀಕ್ಷಣಾಲಯದ ಖಗೋಳ ವಿಜ್ಞಾನಿ. ಆದರೆ ಕ್ಯಾಮರಾ ಹಿಡಿದವರೆಲ್ಲರೂ ಅವನಿಗೆ ಬೇರೊಂದು ಕಾರಣದಿಂದ ಋಣಿಗಳು. ಡಾಗೇರನ ಛಾಯಾಚಿತ್ರ ವಿಧಾನವನ್ನು 1839ರ ಜನವರಿ 7ರಂದು ವಿಜ್ಞಾನ ಅಕಾಡೆಮಿಯ ಮುಂದೆ ಸಾರಿದವನು ಅವನೇ. ಡಾಗೇರನಿಗೆ ವರ್ಷಕ್ಕೆ 6,000 ಫ್ರಾಂಕುಗಳನ್ನೂ, ಈ ವಿದ್ಯೆಗೆ ಮೊದಲ ದಾರಿ ತೋರಿ ತೀರಿಕೊಂಡಿದ್ದ ನಿಯೆಪ್ಸ್‌ನ ಮಗನಿಗೆ 4,000 ಫ್ರಾಂಕುಗಳನ್ನೂ ಕೊಡುವಂತೆ ಸರ್ಕಾರವನ್ನು ಒಪ್ಪಿಸಿದವರಲ್ಲಿ ಅವನೇ ಪ್ರಮುಖ. ಅದೇ ಆಗಸ್ಟ್ 19ರಂದು ಅದರ ಗುಟ್ಟು ಲೋಕದ ಸೊತ್ತಾಯಿತು. ಇಂಗ್ಲೆಂಡಿನಲ್ಲಿ ಮಾತ್ರ ಅದಕ್ಕೆ ಪೇಟೆಂಟಿನ ಕಟ್ಟು ಬಿದ್ದಿತ್ತು.

1838ರಲ್ಲಿ ಡಾಗೇರನು ತನ್ನ ಕಿಟಕಿಯಿಂದ ಒಂದು ಬೀದಿಯ ಚಿತ್ರ ತೆಗೆದಿದ್ದನು. ಬಿಂಬ ಮೂಡಲು ನಿಮಿಷಗಟ್ಟಲೆ ಬೇಕಾಗಿದ್ದ ಕಾಲವದು. ಓಡಾಡುತ್ತಿದ್ದ ಗಾಡಿ, ಜನ ಒಂದೂ ಫಲಕದ ಮೇಲೆ ಉಳಿಯಲಿಲ್ಲ. ಪಾದರಕ್ಷೆಗೆ ಹೊಳಪು ಹಾಕಿಸಿಕೊಳ್ಳುತ್ತ ನಿಂತಿದ್ದವನೊಬ್ಬ ಮಾತ್ರ ಉಳಿದನು. ಹೆಸರಿಲ್ಲದ ಅವನ ಆಕೃತಿಯನ್ನು ಜಗತ್ತು ಇಂದಿಗೂ ನೋಡುತ್ತಿದೆ.

ಅರಾಗೊನ ಕಂಚಿನ ಪ್ರತಿಮೆಗೆ ಆ ಭಾಗ್ಯವಿರಲಿಲ್ಲ. 1893ರಲ್ಲಿ ವೀಕ್ಷಣಾಲಯದ ದಕ್ಷಿಣಕ್ಕೆ ನಿಲ್ಲಿಸಿದ್ದ ಅದನ್ನು ಜರ್ಮನರ ಆಕ್ರಮಣದ ಕಾಲದಲ್ಲಿ, 1942ರಲ್ಲಿ, ಲೋಹಕ್ಕಾಗಿ ಕರಗಿಸಿಬಿಟ್ಟರು. ಅರ್ಧ ಶತಮಾನ ಪೀಠ ಬರಿದಾಗಿತ್ತು. 1994ರಲ್ಲಿ ಡಚ್ ಕಲಾವಿದ ಯಾನ್ ಡಿಬೆಟ್ಸ್ ಅದರ ಮೇಲೆ ಮತ್ತೊಂದು ಮೂರ್ತಿಯನ್ನು ಕೂರಿಸದೆ, ಸ್ಮಾರಕವನ್ನು 135 ಬಿಲ್ಲೆಗಳಾಗಿ ಊರ ಉದ್ದಕ್ಕೂ ಹಂಚಿದನು. ಛಾಯಾಚಿತ್ರವನ್ನು ಜಗತ್ತಿಗೆ ಬಿಡಿಸಿಕೊಟ್ಟವನ ಹೆಸರಿನ ಮೇಲೆ ಪ್ರವಾಸಿಗಳು ಗೋಪುರದ ಚಿತ್ರ ತೆಗೆಯುತ್ತ ಹಾದುಹೋಗುತ್ತಾರೆ. ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತು ಬೆಳಕಿನ ನಗರಿಗೂ ತಪ್ಪಿದ್ದಲ್ಲ.

ಈಗ 135 ಬಿಲ್ಲೆಗಳೂ ಸಿಕ್ಕುವುದಿಲ್ಲ. ಕೆಲವನ್ನು ಕಳ್ಳರು ಕಿತ್ತರು. ಕೆಲವು ರಸ್ತೆ ರಿಪೇರಿಯಲ್ಲಿ ಕಾಣೆಯಾದವು. ಅಲ್ಲಲ್ಲಿ ದುಂಡನೆಯ ಕುಳಿಯಷ್ಟೇ ಉಳಿದಿದೆ. ಆದ್ದರಿಂದಲೇ ಕಂಡುದನ್ನು ಚಿತ್ರ ತೆಗೆದಿಟ್ಟುಕೊಳ್ಳುವುದು ಮೇಲು. ಸವೆದ ಅಕ್ಷರಗಳಿಗೆ ನಡುಹಗಲ ಬಿಸಿಲು ಸಲ್ಲದು. ಇಳಿಹೊತ್ತಿನ ಓರೆಬೆಳಕಿನಲ್ಲಿ ಅವು ಎದ್ದು ಕಾಣುತ್ತವೆ. ಬಗ್ಗಿ ತೆಗೆದ ಆ ಚಿತ್ರದ ಅಂಚಿನಲ್ಲಿ ತೆಗೆದವನ ಪಾದರಕ್ಷೆಯ ತುದಿಯೂ ಬಿದ್ದರೆ ಬೀಳಲಿ. ಪ್ಯಾರಿಸಿನಲ್ಲಿ ಅದಕ್ಕೊಂದು ಹಳೆಯ ಸಂಪ್ರದಾಯವೇ ಇದೆ.