ಅಕ್ಷರ ಒರೆಸುವ ಕೈ

ನನ್ನ ಕಸುಬು ಎರಡು. ಹುಮನಾಬಾದಿನಲ್ಲಿ ಕುಳಿತು ಫ್ಲೆಕ್ಸ್, ಲಗ್ನಪತ್ರಿಕೆ, ಅಂಗಡಿ ಬೋರ್ಡುಗಳ ಡಿಸೈನ್ ಮಾಡುತ್ತೇನೆ. ಲಗ್ನದ ಸೀಜನ್ ಬಂತೆಂದರೆ ಕ್ಯಾಮೆರಾ ಹೆಗಲಿಗೇರಿಸಿಕೊಂಡು ನಮ್ಮೂರು ದುಬಲಗುಂಡಿ, ಹಳ್ಳಿಖೇಡ, ಬಸವಕಲ್ಯಾಣ ಅಂತ ತಿರುಗುತ್ತೇನೆ. ಮೊದಲನೆಯ ಕಸುಬಿನಲ್ಲಿ ಬೇರೆಯವರ ಫೋಟೋದ ಮೇಲಿರುವ ಹೆಸರನ್ನು ಒರೆಸುತ್ತೇನೆ. ಎರಡನೆಯದರಲ್ಲಿ ನನ್ನ ಫೋಟೋದ ಮೇಲೆ ನನ್ನ ಹೆಸರು ಒತ್ತುತ್ತೇನೆ. ಎರಡೂ ನಡೆಯುವುದು ಒಂದೇ ಕಂಪ್ಯೂಟರಿನಲ್ಲಿ, ಎಷ್ಟೋ ಸಲ ಒಂದೇ ಮಧ್ಯಾಹ್ನ. ಇಷ್ಟು ವರ್ಷ ಈ ಎರಡು ಕೈಗಳ ನಡುವೆ ಒಂದು ಸಣ್ಣ ಜಗಳವೂ ಆಗಲಿಲ್ಲವಲ್ಲ, ಯಾಕೆ ಎಂದು ಈಚೆಗೆ ಯೋಚಿಸುತ್ತಿದ್ದೇನೆ.

ಒರೆಸುವ ಕೆಲಸದಲ್ಲಿ ನಾನು ಪಳಗಿದವನು. ಮುಂಗಾರಿಗೆ ಮುಂಚೆ ಬೀಜ-ಗೊಬ್ಬರದ ಅಂಗಡಿಯವರು ಬರುತ್ತಾರೆ, ಹೂಬಿಟ್ಟ ತೊಗರಿ ಹೊಲದ ಫೋಟೋ ಬೇಕೆನ್ನುತ್ತಾರೆ. ನಮ್ಮ ಸುತ್ತ ನಾಲ್ಕು ದಿಕ್ಕಿಗೂ ತೊಗರಿಯೇ. ಆದರೆ ಜೂನ್ ತಿಂಗಳಲ್ಲಿ ಹೂ ಎಲ್ಲಿಂದ ತರಲಿ? ಗೂಗಲ್ ತೆರೆದರೆ ಸಿಗುತ್ತದೆ, ಮೇಲೆ ಓರೆಯಾಗಿ ತೆಳು ಬೂದು ಬಣ್ಣದಲ್ಲಿ ಯಾವುದೋ ಏಜೆನ್ಸಿಯ ಹೆಸರು. ಫೋಟೋಶಾಪಿನಲ್ಲಿ ಕ್ಲೋನ್ ಸ್ಟ್ಯಾಂಪ್ ಎಂಬ ಸಾಧನವಿದೆ. ಆಲ್ಟ್ ಒತ್ತಿ ಪಕ್ಕದ ಎಲೆಯ ಬಣ್ಣ ಎತ್ತಿಕೊಂಡು ಅಕ್ಷರದ ಮೇಲೆ ಮೆತ್ತುತ್ತಾ ಹೋಗಬೇಕು. ಆಕಾಶದ ಮೇಲಿನ ಅಕ್ಷರ ಸಲೀಸಾಗಿ ಹೋಗುತ್ತದೆ. ತೊಗರಿಯ ಹಳದಿ ಹೂವಿನ ಮೇಲಿನದು ಸ್ವಲ್ಪ ಸತಾಯಿಸುತ್ತದೆ. ಎಲ್ಲಕ್ಕಿಂತ ಕಷ್ಟ ಮನುಷ್ಯರ ಮುಖ. ಮುದುಕ ರೈತನೊಬ್ಬನ ಹಣೆಯ ಮೇಲೆ ಹಾದುಹೋದ ಅಕ್ಷರ ತೆಗೆಯಲು ಹೋದರೆ ಅದರ ಜೊತೆ ಒಂದೆರಡು ಸುಕ್ಕೂ ಹೋಗುತ್ತವೆ, ಹತ್ತು ವರ್ಷ ಚಿಕ್ಕವನಾಗಿ ಕಾಣುತ್ತಾನೆ. ಈಗಿನ ಸಾಫ್ಟ್‌ವೇರುಗಳಿಗೆ ಇಷ್ಟು ತಾಳ್ಮೆಯೂ ಬೇಡ, ಗುರುತು ಮಾಡಿ ಒಂದು ಗುಂಡಿ ಒತ್ತಿದರೆ ಸಾಕು.

“ಗೂಗಲ್‌ದಾಗ ಪುಕ್ಕಟ್ ಸಿಗ್ತದ, ಅದಕ್ಯಾಕ ರೊಕ್ಕ ಅಣ್ಣಾ?” ಅನ್ನುವ ಗಿರಾಕಿಗೆ ನಾನು ಎಂದೂ ಸರಿಯಾದ ಉತ್ತರ ಕೊಟ್ಟಿಲ್ಲ. ಉತ್ತರ ಗೊತ್ತಿರಲಿಲ್ಲ ಅಂತಲ್ಲ. ಗೂಗಲ್ ತೋರಿಸುತ್ತದೆಯೇ ಹೊರತು ಮಾರುವುದೂ ಇಲ್ಲ, ಹಂಚುವುದೂ ಇಲ್ಲ. ಏಜೆನ್ಸಿಗಳು ಮಾರುವುದು ಕೂಡ ಫೋಟೋವನ್ನಲ್ಲ, ಅದನ್ನು ಬಳಸುವ ಅನುಮತಿಯನ್ನು. ‘ರಾಯಲ್ಟಿ ಫ್ರೀ’ ಎಂದು ಬರೆದಿದ್ದರೆ ಪುಕ್ಕಟೆ ಎಂದು ನಮ್ಮ ಕಡೆ ಎಲ್ಲರೂ ತಿಳಿದಿದ್ದಾರೆ. ಅದರ ಅರ್ಥ ಒಮ್ಮೆ ದುಡ್ಡು ಕಟ್ಟಿ ಷರತ್ತಿನೊಳಗೆ ಮತ್ತೆ ಮತ್ತೆ ಬಳಸಬಹುದು ಎಂದಷ್ಟೇ. ‘ರೈಟ್ಸ್ ಮ್ಯಾನೇಜ್ಡ್’ ಎಂದಿದ್ದರೆ ಎಲ್ಲಿ, ಎಷ್ಟು ದಿನ, ಎಷ್ಟು ದೊಡ್ಡದಾಗಿ ಎಂಬುದರ ಮೇಲೆ ದರ. ‘ಎಡಿಟೋರಿಯಲ್’ ಎಂದಿದ್ದರೆ ಸುದ್ದಿ-ಲೇಖನಕ್ಕೆ ಮಾತ್ರ, ಗೊಬ್ಬರದ ಜಾಹೀರಾತಿಗೆ ಇಲ್ಲ.

ಇದೆಲ್ಲ ಗೊತ್ತಿದ್ದೂ ನಾನು ನನಗೇ ಹೇಳಿಕೊಂಡು ಬಂದ ಸಮಜಾಯಿಷಿ ಒಂದೇ: ಚದರ ಅಡಿಗಿಷ್ಟು ಎಂದು ಫ್ಲೆಕ್ಸ್ ಮಾಡುವವನು ಲೈಸೆನ್ಸ್ ಕೊಂಡರೆ ಫೋಟೋದ ಬೆಲೆ ನನ್ನ ಕೂಲಿಯನ್ನು ಮೀರುತ್ತದೆ. ಈ ಮಾತು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸುಗಳು ಬಂದದ್ದು 2002ರಲ್ಲಿ. ವಿಕಿಮೀಡಿಯಾ ಕಾಮನ್ಸಿನಲ್ಲಿ ಬೀದರ ಕೋಟೆಯಿಂದ ಹಿಡಿದು ಜೋಳದ ತೆನೆಯವರೆಗೆ ಪುಕ್ಕಟೆ ಬಳಸಬಹುದಾದ ಚಿತ್ರಗಳಿವೆ. ಅವುಗಳಲ್ಲಿ ಬಹುಪಾಲಿನವು ಮುಖ್ಯವಾಗಿ ಕೇಳುವುದು ದುಡ್ಡಲ್ಲ, ತೆಗೆದವರ ಹೆಸರನ್ನು. ನಾನು ಅವನ್ನೂ ಬಳಸಿದ್ದೇನೆ. ಒಂದು ಫ್ಲೆಕ್ಸಿನ ಮೇಲಾದರೂ ಹೆಸರು ಹಾಕಿದೆನೇ? ಇಲ್ಲ. ವೀರಭದ್ರೇಶ್ವರ ಜಾತ್ರೆಗೆ ಶುಭಕೋರುವ ಒಂದು ಫ್ಲೆಕ್ಸಿನಲ್ಲಿ ಶಾಸಕರಿಂದ ಹಿಡಿದು ಗಲ್ಲಿ ಮುಖಂಡರವರೆಗೆ ಎಲ್ಲರ ಮುಖ, ಎಲ್ಲರ ಹೆಸರು ಹಿಡಿಸುತ್ತೇನೆ. ಫೋಟೋ ತೆಗೆದವನ ಒಂದು ಸಾಲಿಗೆ ಮಾತ್ರ ಜಾಗ ಸಾಲುವುದಿಲ್ಲ. ಅಂದಮೇಲೆ ನನ್ನ ಕೈ ಹಿಡಿದದ್ದು ಬಡತನವಲ್ಲ. ಆ ಮನುಷ್ಯ ನನ್ನ ಲೆಕ್ಕದಲ್ಲೇ ಇರಲಿಲ್ಲ.

ಇನ್ನೊಂದು ಕೈಯ ಕಥೆ ಬೇರೆ. ನಮ್ಮ ತಾಲ್ಲೂಕಿನ ಜಲಸಂಗಿಯಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ಗುಡಿಯಿದೆ. ಅದರ ಹೊರಗೋಡೆಯಲ್ಲಿ ಶಾಸನ ಬರೆಯುತ್ತಾ ನಿಂತ ಶಿಲಾಬಾಲಿಕೆ ನಾಡಿಗೆಲ್ಲ ಪ್ರಸಿದ್ಧಳು. ಓರೆ ಬಿಸಿಲು ಬೀಳುವ ಹೊತ್ತು ಕಾದು ನಾನು ತೆಗೆದ ಅವಳ ಚಿತ್ರ ವಾಟ್ಸಾಪಿನಲ್ಲಿ ರಾಜ್ಯೋತ್ಸವದ ಶುಭಾಶಯವಾಗಿ ಓಡಾಡಿತು, ಮೂಲೆಯಲ್ಲಿದ್ದ ನನ್ನ ಹೆಸರನ್ನು ಕತ್ತರಿಸಿ. ಆ ದಿನ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಮುಂದಿನ ಚಿತ್ರದಲ್ಲಿ ಹೆಸರನ್ನು ಮೂಲೆಯಿಂದ ತೆಗೆದು ಅವಳ ನಡುವಿನ ಮೇಲೆಯೇ ಅಡ್ಡಲಾಗಿ ಒತ್ತಿದೆ. ಒಂಬೈನೂರು ವರ್ಷ ಮಳೆ-ಗಾಳಿ ತಡೆದುಕೊಂಡ ಆಕೃತಿಯ ಅಂದವನ್ನು ನಾನು ಒಂದು ಕ್ಲಿಕ್ಕಿನಲ್ಲಿ ಕೆಡಿಸಿದ್ದೆ, ಕೆಡಿಸಿದ್ದಕ್ಕೆ ಸಮಾಧಾನವೂ ಆಗಿತ್ತು. ಅದರಿಂದ ಪ್ರಯೋಜನವೂ ಅಷ್ಟಕ್ಕಷ್ಟೆ. ಒಂದೇ ವಾಟರ್‌ಮಾರ್ಕನ್ನು ಸಾವಿರಾರು ಚಿತ್ರಗಳ ಮೇಲೆ ಒತ್ತಿದರೆ, ಆ ಚಿತ್ರಗಳನ್ನು ಒಟ್ಟಿಗೆ ನೋಡಿಯೇ ಕಂಪ್ಯೂಟರ್ ಅದರ ಆಕಾರ ಕಂಡುಹಿಡಿದು ಅಳಿಸಬಲ್ಲದೆಂದು ಗೂಗಲ್‌ನ ಸಂಶೋಧಕರು 2017ರಲ್ಲೇ ತೋರಿಸಿಕೊಟ್ಟಿದ್ದಾರೆ.

ಆ ಬಾಲಿಕೆ ಬರೆಯುತ್ತಿರುವುದಾದರೂ ಏನು? ಚಾಲುಕ್ಯ ವಿಕ್ರಮಾದಿತ್ಯನ ಹೊಗಳಿಕೆಯ ಸಂಸ್ಕೃತ ಶ್ಲೋಕ. ಅವಳನ್ನು ಕಡೆದವನ ಹೆಸರು ಆ ಸಾಲುಗಳಲ್ಲಿ ಇಲ್ಲ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಶಿಲ್ಪಗಳ ಕೆಳಗೆ ಹೆಸರು ಕೆತ್ತಿಕೊಂಡರು. ನಮ್ಮ ಜಲಸಂಗಿಯವನಿಗೆ ಆ ಭಾಗ್ಯ ಇಲ್ಲ, ಚಿತ್ರದ ಮೇಲೆ ಉಳಿದದ್ದು ದೊರೆಯ ಹೆಸರು. ಇಂದಿನ ಏಜೆನ್ಸಿಗಳ ವಾಟರ್‌ಮಾರ್ಕಿನಲ್ಲೂ ದೊಡ್ಡದಾಗಿ ಕಾಣುವುದು ಅಂಗಡಿಯ ಹೆಸರೇ. ನನ್ನದು ಇವೆರಡಕ್ಕಿಂತ ಮೇಲಾದ ಆಸೆ ಎಂದುಕೊಂಡಿದ್ದೆ. ಆ ಶಿಲ್ಪಿಯ ಕೆಲಸದ ಮೇಲೆ ನನ್ನ ಹೆಸರು ಒತ್ತಿದಾಗ ನಾನೂ ಮಾಡಿದ್ದು ಅದನ್ನೇ ಎಂದು ಹೊಳೆಯಲು ಬಹಳ ಕಾಲ ಹಿಡಿಯಿತು.

ಕೃತಿಸ್ವಾಮ್ಯದ ಕಾನೂನು ಓದಿದ್ದು ಆ ವಾಟ್ಸಾಪ್ ಸಿಟ್ಟಿನಲ್ಲಿ. 1957ರ ಕಾಯ್ದೆಯ ಪ್ರಕಾರ ಫೋಟೋ ತೆಗೆದವನೇ ಅದರ ಕರ್ತೃ. 2012ರ ತಿದ್ದುಪಡಿಗೆ ಮುಂಚೆ ಫೋಟೋದ ಹಕ್ಕು ಪ್ರಕಟವಾದ ಮೇಲೆ 60 ವರ್ಷ ಇರುತ್ತಿತ್ತು. ಈಗ ತೆಗೆದವನು ಬದುಕಿರುವಷ್ಟು ಕಾಲ, ಆಮೇಲೂ 60 ವರ್ಷ. ಓದಿ ಎದೆಯುಬ್ಬಿತು. ಅದೇ ತಿದ್ದುಪಡಿ 65ಬಿ ಎಂಬ ಕಲಮನ್ನೂ ಸೇರಿಸಿದೆ: ಕೃತಿಯ ಮೇಲಿನ ಹಕ್ಕುದಾರರ ಮಾಹಿತಿಯನ್ನು ಅಧಿಕಾರವಿಲ್ಲದೆ, ಗೊತ್ತಿದ್ದೂ ತೆಗೆದುಹಾಕಿದರೆ 2 ವರ್ಷದವರೆಗೆ ಜೈಲು ಮತ್ತು ದಂಡ. ವಾಟ್ಸಾಪಿನವನಿಗೆ ತೋರಿಸಲೆಂದು ಆ ಪುಟದ ಪ್ರಿಂಟ್ ತೆಗೆದೆ. ಪ್ರಿಂಟರಿನಿಂದ ಹಾಳೆ ಹೊರಬರುವಾಗ ಪರದೆಯ ಮೇಲೆ ಅರ್ಧ ಒರೆಸಿದ ತೊಗರಿ ಹೊಲ ತೆರೆದೇ ಇತ್ತು. ಹಾಳೆಯನ್ನು ಯಾರಿಗೂ ತೋರಿಸಲಿಲ್ಲ.

ಕಾನೂನಿಗೂ ಸರಿಯಾಗಿ ಸಿಗದ ಸಂಗತಿಯೊಂದಿದೆ, ನನಗೆ ನಿದ್ದೆ ಕೆಡಿಸುವುದು ಅದೇ. ಸ್ಟಾಕ್ ಫೋಟೋ ಮಾರಿ ನಾಲ್ಕು ಕಾಸು ಮಾಡುವ ಹುಮ್ಮಸ್ಸಿನಲ್ಲಿ ಊರ ಹೊಲದಲ್ಲಿ ತೊಗರಿ ಬಡಿಯುತ್ತಿದ್ದ ಆಯಿಯೊಬ್ಬಳ ಫೋಟೋ ತೆಗೆದೆ. ಗುರುತು ಸಿಗುವ ಮುಖವಿದ್ದರೆ ಏಜೆನ್ಸಿಗಳು ‘ಮಾಡೆಲ್ ರಿಲೀಸ್’ ಕೇಳುತ್ತವೆ, ಅದಿಲ್ಲದೆ ಜಾಹೀರಾತಿಗೆ ಮಾರುವಂತಿಲ್ಲ. ಇಂಗ್ಲಿಷ್ ಹಾಳೆ ಮುಂದೆ ಹಿಡಿದೆ. “ನನ್ ಮಾರಿ ಯಾರಿಗಿ ಬೇಕಾಗ್ಯಾದೋ ತಮ್ಮಾ?” ಎಂದು ನಗುತ್ತಾ ಹೆಬ್ಬೆಟ್ಟು ಒತ್ತಿದಳು. ಸಾಕ್ಷಿಯ ಜಾಗದಲ್ಲಿ ಮೊಮ್ಮಗ ಸಹಿ ಮಾಡಿದ. ಆ ಮುಖ ಯಾವ ಊರಿನಲ್ಲಿ, ಯಾವ ಔಷಧಿ ಡಬ್ಬಿಯ ಮೇಲೆ, ಯಾವ ಪಕ್ಷದ ಭಿತ್ತಿಪತ್ರದ ಮೇಲೆ ಬೇಕಾದರೂ ಕಾಣಬಹುದು, ತಡೆಯಲು ಅವಳಿಗೂ ನನಗೂ ಆಗದು ಎಂದು ನಾನು ಬಿಡಿಸಿ ಹೇಳಲಿಲ್ಲ. ಹೇಳಿದ್ದು, “ಏನಿಲ್ಲ ಆಯಿ, ಫೋಟೋದ ಕಾಗದ” ಅಂತ.

ಈಗ ಆ ಚಿತ್ರದ ಮೇಲೆ ಹೆಸರಿರುವುದು ಏಜೆನ್ಸಿಯದು, ಹಕ್ಕು ನನ್ನದು, ಮುಖ ಅವಳದು. ಬಂದ ಹಣ ಹೇಳುವಂಥದ್ದೇನಲ್ಲ. ಈ ವ್ಯಾಪಾರದ ದರ ತಿಳಿಯಬೇಕಿದ್ದರೆ ಒಂದು ಲೆಕ್ಕ ಸಾಕು: ಷಟರ್‌ಸ್ಟಾಕ್ 2020ರಲ್ಲಿ ಸಂಭಾವನೆಯ ಕ್ರಮ ಬದಲಿಸಿದಾಗ ಒಂದು ಡೌನ್‌ಲೋಡಿಗೆ ಫೋಟೋಗ್ರಾಫರನ ಕನಿಷ್ಠ ಪಾಲು 10 ಸೆಂಟಿಗೆ ಇಳಿದು, ಜಗತ್ತಿನ ತುಂಬ ಫೋಟೋಗ್ರಾಫರರು ಗಲಾಟೆ ಎಬ್ಬಿಸಿದ್ದರು. ಆ ಗಲಾಟೆಯನ್ನು ನಾನೂ ಓದಿ ತಲೆಯಾಡಿಸಿದ್ದೆ. ಆಯಿಯ ಪಾಲು ಎಷ್ಟು ಎಂದು ಅಲ್ಲಿ ಯಾರೂ ಕೇಳಿದ್ದು ನಾನು ನೋಡಲಿಲ್ಲ, ನಾನಂತೂ ಕೇಳಲಿಲ್ಲ. ದೂರದ ಯಾವುದೋ ಪೇಟೆಯಲ್ಲಿ ನನ್ನಂಥವನೇ ಒಬ್ಬ ಅವಳ ಹಣೆಯ ಮೇಲಿನ ಅಕ್ಷರ ಒರೆಸುತ್ತಾ ಒಂದೆರಡು ಸುಕ್ಕನ್ನೂ ಒರೆಸಿರಬಹುದು.

ಈಗ ಗಿರಾಕಿಗಳು ಎಐ ಚಿತ್ರ ಕೇಳುತ್ತಾರೆ. ನಮ್ಮ ಕಡೆ ಯಾರೂ ಉಡದ ರೀತಿ ಸೀರೆ ಉಟ್ಟ ರೈತ ಮಹಿಳೆ ಅರೆನಿಮಿಷದಲ್ಲಿ ತಯಾರು. ಒರೆಸಲು ಹೆಸರಿಲ್ಲ ಎಂದು ಮೊದಮೊದಲು ಹಗುರಾದೆ. ಆಮೇಲೆ ತಿಳಿಯಿತು, ಗೆಟ್ಟಿ ಇಮೇಜಸ್ 2023ರಲ್ಲಿ ಸ್ಟೆಬಿಲಿಟಿ ಎಐ ಕಂಪನಿಯನ್ನು ಕೋರ್ಟಿಗೆ ಎಳೆದಾಗ ಕೊಟ್ಟ ಸಾಕ್ಷ್ಯಗಳಲ್ಲಿ ಯಂತ್ರ ಹುಟ್ಟಿಸಿದ ಚಿತ್ರಗಳೂ ಇದ್ದವು, ಅವುಗಳ ಮೇಲೆ ಗೆಟ್ಟಿಯ ವಾಟರ್‌ಮಾರ್ಕ್ ಕಲಸಿಹೋದ ರೂಪದಲ್ಲಿ ಮೂಡಿತ್ತು. ನಾನು ಒಂದೊಂದೇ ಅಕ್ಷರ ಒರೆಸುತ್ತಿದ್ದೆ. ಯಂತ್ರ ಸಗಟು ವ್ಯಾಪಾರ ಮಾಡುತ್ತದೆ, ಅಷ್ಟೇ ವ್ಯತ್ಯಾಸ.

ಇಷ್ಟು ಬರೆದವನು ಬದಲಾದನೇ ಎಂದರೆ, ಅರ್ಧ. ತೊಗರಿ ಹೂವಿನ ಕಾಲದಲ್ಲಿ ನಾನೇ ಹೊಲಕ್ಕೆ ಹೋಗಿ ತೆಗೆದಿಟ್ಟುಕೊಂಡ ಚಿತ್ರಗಳು ಈಗ ಅಂಗಡಿಯಲ್ಲಿವೆ. ಅವಸರದ ಗಿರಾಕಿ ಎದುರು ಕೂತಾಗ ಹಳೆಯ ಚಟ ಇನ್ನೂ ಕೈಗೆ ಬರುತ್ತದೆ. ಕಾನೂನು ಓದಿದಾಗ ಕಂಡ ಇನ್ನೊಂದು ಕಲಮನ್ನು ಮಾತ್ರ ಇಷ್ಟು ದಿನ ಬೇಕೆಂದೇ ಬಾಯಿಬಿಡದೆ ಇಟ್ಟುಕೊಂಡಿದ್ದೆ, ಹೇಳಿಬಿಡುತ್ತೇನೆ. ದುಡ್ಡು ಕೊಟ್ಟು ತೆಗೆಸಿದ ಫೋಟೋದ ಮೊದಲ ಒಡೆಯ, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವನೇ ಎನ್ನುತ್ತದೆ ಕಾಯ್ದೆಯ 17ನೇ ಕಲಮು. ನಿಮ್ಮ ಲಗ್ನದ ಫೋಟೋಗಳ ಮೇಲೆ ಸ್ಟುಡಿಯೋದ ಹೆಸರು ಅಡ್ಡಡ್ಡ ಒತ್ತಿ ಕಳಿಸಿದ್ದರೆ, ಬಾಕಿ ಹಣ ತೀರಿಸಿ ಹೆಸರಿಲ್ಲದ ಫೈಲುಗಳನ್ನು ಕೇಳಿ ಪಡೆಯಿರಿ. ನನ್ನ ಹತ್ತಿರ ತೆಗೆಸಿದವರೂ ಪೆನ್‌ಡ್ರೈವ್ ಹಿಡಿದು ಅಂಗಡಿಗೆ ಬರಬಹುದು.